ಬಿಸಿಲಿಗೆ ಹುಟ್ಟುವ ಗಾಳಿ

ಇನ್ನೂ ಆರು ಹೊಡೆದಿಲ್ಲ. ರಾಯಚೂರು ಜಿಲ್ಲೆಯ ಜಾಲಹಳ್ಳಿ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಹಾಲು ಉಕ್ಕುತ್ತಿದೆ. ಟಂಟಂ ಒಂದು ಎಂಜಿನ್ ಆರಿಸದೆ ನಿಂತಿದೆ. ಅದರಲ್ಲಿ ಎಷ್ಟು ಜನಕ್ಕೆ ಜಾಗ ಇದೆಯೋ ಅದರ ದುಪ್ಪಟ್ಟು ಹೆಂಗಸರು ಆಗಲೇ ಹತ್ತಿ ಕೂತಿದ್ದಾರೆ. ಎಲ್ಲರ ತೊಡೆಯ ಮೇಲೂ ಬುತ್ತಿಗಂಟು: ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಓಣಿಯ ತುದಿಯಿಂದ ಒಬ್ಬಾಕೆ ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬರುತ್ತಿದ್ದಾಳೆ. ಗುಂಪು ಕಟ್ಟಿದ ಹೆಣ್ಣುಮಗಳು ಒಳಗಿನಿಂದಲೇ ಕೂಗುತ್ತಾಳೆ: "ಲಗೂ ಬಾರಬೇ ಯಕ್ಕಾ, ಹೊತ್ತೇರಿದ್ರ ಕಟಗಿ ಕೀಳಾಕ ಆಗಂಗಿಲ್ಲ."

ಏಪ್ರಿಲ್ ಮೊದಲ ವಾರ. ಹತ್ತಿ ಬಿಡಿಸುವ ಕೆಲಸ ಎಂದೋ ಮುಗಿದಿದೆ. ಈಗ ಹೊಲದಲ್ಲಿ ಉಳಿದಿರುವುದು ಒಣಗಿ ನಿಂತ ಗಿಡ. ಅದನ್ನು ಬೇರುಸಹಿತ ಕಿತ್ತು, ರಾಶಿ ಹಾಕಿ, ಹೊಲ ಹಸನು ಮಾಡಿಕೊಡಬೇಕು. ಹತ್ತಿಗಿಡದ ತಾಯಿಬೇರು ಕರಿನೆಲದಲ್ಲಿ ಆಳಕ್ಕೆ ಇಳಿದಿರುತ್ತದೆ. ನೆಲ ಒಣಗಿ ಬಿರುಕು ಬಿಟ್ಟ ಮೇಲೆ ಅದು ಸುಲಭಕ್ಕೆ ಬರುವುದಿಲ್ಲ. ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಹಿಂದಕ್ಕೆ ಹಾಕಿ ಜಗ್ಗಬೇಕು. ಕೂಲಿಕಾರರ ವರ್ಷದಲ್ಲಿ ಇಷ್ಟು ಉಸಿರು ಕೇಳುವ ಕೆಲಸ ಹೆಚ್ಚಿಲ್ಲ.

ಟಂಟಂ ಹಿಂದಿನ ಕಂಬಿ ಹಿಡಿದು ನೀವೂ ಹತ್ತಿ. ತಿಂಥಣಿ ಬ್ರಿಜ್ ಕಡೆಗೆ ಹೋಗುವ ರಸ್ತೆಯಲ್ಲಿ ಸ್ವಲ್ಪ ಸಾಗಿ ಗಾಡಿ ಎಡಕ್ಕೆ ಹೊರಳುತ್ತದೆ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ಹಸಿರಾದ ಸೀಮೆ ಇದು. ಹತ್ತಿ, ಮೆಣಸಿನಕಾಯಿ, ಅಲ್ಲಲ್ಲಿ ಭತ್ತ. ಮುಖಕ್ಕೆ ಬಡಿಯುವ ಗಾಳಿ ತಂಪಾಗಿದೆ. ಎದೆತುಂಬ ಎಳೆದುಕೊಳ್ಳಿ. ಇಡೀ ದಿನದಲ್ಲಿ ಜಾಲಹಳ್ಳಿಯ ಗಾಳಿ ಶ್ವಾಸಕೋಶಕ್ಕೆ ಇಷ್ಟು ಹಗುರವಾಗಿರುವ ಹೊತ್ತು ಮತ್ತೊಂದಿಲ್ಲ. ನಿನ್ನೆ ಮಧ್ಯಾಹ್ನ ಈ ಬಯಲಿನ ಮೇಲೆ ಸೇರಿಕೊಂಡಿದ್ದ ಓಝೋನ್ ಎಂಬ ಅನಿಲದಲ್ಲಿ ನೆಲಮಟ್ಟದ್ದು ರಾತ್ರಿಯಿಡೀ ಮಣ್ಣಿಗೆ, ಎಲೆಗಳಿಗೆ, ಗೋಡೆಗಳಿಗೆ ತಗಲಿ ಕರಗಿಹೋಗಿದೆ. ಹೊಸದಾಗಿ ಹುಟ್ಟಬೇಕೆಂದರೆ ಅದಕ್ಕೆ ಬಿಸಿಲು ಬೇಕು. ಬಿಸಿಲು ಇನ್ನೂ ಬಂದಿಲ್ಲ.

ಹೆಂಗಸರು ಸಾಲು ಹಿಡಿದು ಹೊಲಕ್ಕಿಳಿಯುತ್ತಾರೆ. ಅವರು ಅಲ್ಲಿರಲಿ. ನೀವು ಎಂಟರ ಹೊತ್ತಿಗೆ ಊರಿಗೆ ವಾಪಸ್ ಬಂದು ನಾಡ ಕಚೇರಿಯ ಮುಂದೆ ನಿಂತು ನೋಡಿ. ಬೇರೆ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿ ತೆರೆಯಲು ಇನ್ನೂ ಎರಡು ತಾಸು ಇದೆ. ಇಲ್ಲಿ ಬಾಗಿಲು ತೆರೆದಾಗಿದೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಸರ್ಕಾರ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತ ಬಂದಿದೆ. ಬಿಸಿಲಿಗೆ ಹೆದರಿ ಮಾಡಿದ ಏರ್ಪಾಡು. ಒಳ್ಳೆಯ ಏರ್ಪಾಡು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ನಡೆಯುವುದೆಲ್ಲಕ್ಕೂ ಈ ಗಡಿಯಾರಕ್ಕೂ ಸಂಬಂಧವಿದೆ.

ಕಚೇರಿಯ ಪಕ್ಕ ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಜಾತಿ ಪ್ರಮಾಣಪತ್ರ ಹಿಡಿದವರ ಸಾಲು. ಕಿಟಕಿಯಿಲ್ಲದ ಸಣ್ಣ ಕೋಣೆ, ಹಳೆಯ ಕಾಲದ ದೊಡ್ಡ ಯಂತ್ರ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಒಂದು ಚುರುಕು ವಾಸನೆ ತಗಲುತ್ತದೆ. ಹತ್ತಿರದಲ್ಲೇ ಸಿಡಿಲು ಬಿದ್ದ ಮೇಲೆ ಗಾಳಿಯಲ್ಲಿ ನಿಲ್ಲುವಂಥದ್ದು. ಅದೇ ಓಝೋನ್. ಯಂತ್ರದೊಳಗಿನ ತಂತಿಗೆ ಹರಿಸುವ ಹೆಚ್ಚು ವೋಲ್ಟೇಜಿನ ವಿದ್ಯುತ್ತು ಸುತ್ತಲಿನ ಆಮ್ಲಜನಕವನ್ನು ಒಡೆದು, ಎರಡು ಪರಮಾಣುಗಳ ಜೋಡಿಗೆ ಮೂರನೆಯದನ್ನು ಅಂಟಿಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರಸಾಯನಶಾಸ್ತ್ರಜ್ಞ ಕ್ರಿಶ್ಚಿಯನ್ ಷೋನ್‌ಬೈನ್ 1839-40ರಲ್ಲಿ ಇದನ್ನು ಪತ್ತೆ ಮಾಡಿದ್ದೂ ವಾಸನೆಯಿಂದಲೇ. ಆದರೆ ಮೂಗು ಈ ವಾಸನೆಗೆ ನಿಮಿಷಗಳಲ್ಲೇ ಒಗ್ಗಿಬಿಡುತ್ತದೆ. ಅಂಗಡಿಯ ಹುಡುಗನನ್ನು ಕೇಳಿ ನೋಡಿ, "ಯಾವ ವಾಸನಿರೀ?" ಎನ್ನುತ್ತಾನೆ. ಹೊಸ ಯಂತ್ರಗಳಲ್ಲಿ ಇದು ಬಹಳ ಕಡಿಮೆ. ಹಳೆಯದನ್ನಿಟ್ಟುಕೊಂಡವರು ಗೋಡೆಗೊಂದು ಫ್ಯಾನ್ ತೂತು ಕೊರೆಸಿಕೊಂಡರೆ ಸಾಕು.

ಹೊರಗೆ ಬಂದರೆ ಶಾಲೆಗೆ ಹೊರಟ ಹುಡುಗರ ದಂಡು. ಅವರಲ್ಲಿ ಯಾರನ್ನಾದರೂ ಓಝೋನ್ ಎಂದರೇನು ಎಂದು ಕೇಳಿ, ತಕ್ಷಣ ಉತ್ತರ ಬರುತ್ತದೆ: ಭೂಮಿಯನ್ನು ಕಾಪಾಡುವ ಪದರ. ಸರಿಯಾದ ಉತ್ತರವೇ. ನೆಲದಿಂದ 15ರಿಂದ 35 ಕಿಲೋಮೀಟರ್ ಮೇಲೆ ಅದು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ, ಅದನ್ನು ಉಳಿಸಿಕೊಳ್ಳಲೆಂದೇ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು. ಆದರೆ ಅದೇ ಅನಿಲ ಮೂಗಿನ ಮಟ್ಟದಲ್ಲಿದ್ದರೆ ಏನಾಗುತ್ತದೆ ಎಂಬುದು ಆ ಹುಡುಗರ ಅಪ್ಪ-ಅವ್ವಂದಿರಿಗೆ ಮುಟ್ಟಿಲ್ಲ. ಕೊರೊನಾ ಕಾಲದಲ್ಲಿ ಮನೆಯ ಗಾಳಿ ಶುದ್ಧ ಮಾಡುತ್ತದೆಂದು ಓಝೋನ್ ಯಂತ್ರಗಳನ್ನು ಮಾರಿದವರಿಗೆ ಈ ಅರ್ಧ ತಿಳಿವಳಿಕೆಯೇ ಬಂಡವಾಳವಾಯಿತು. ಜನ ಇರುವ ಕೋಣೆಯಲ್ಲಿ ಅಂಥದ್ದನ್ನು ಹಚ್ಚಬಾರದು. ರೋಗಾಣು ಸಾಯುವಷ್ಟು ಓಝೋನ್ ಇರುವ ಕೋಣೆಯಲ್ಲಿ ಮನುಷ್ಯನ ಶ್ವಾಸಕೋಶ ಕ್ಷೇಮವಾಗಿರಲಾರದು.

ಹತ್ತೂವರೆ. ಈಗ ರಸ್ತೆಯ ಮೇಲೆ ನೆರಳು ಗಿಡ್ಡವಾಗಿದೆ. ಕೃಷ್ಣಾ ದಂಡೆಯ ಮರಳು ಹೊತ್ತ ಟಿಪ್ಪರ್ ಒಂದು ಗೇರ್ ಬದಲಿಸುತ್ತ ದೇವದುರ್ಗದ ಕಡೆಗೆ ಹೋಗುತ್ತದೆ, ಹಿಂದೆ ಕಪ್ಪು ಹೊಗೆ. ಆ ಹೊಗೆಯೊಳಗೆ ಕಣ್ಣಿಗೆ ಕಾಣದ್ದೊಂದಿದೆ: ಸಾರಜನಕದ ಆಕ್ಸೈಡುಗಳು. ಟಂಟಂ, ಟ್ರ್ಯಾಕ್ಟರ್, ಬಸ್ಸು ಎಲ್ಲವೂ ಅದನ್ನು ಬಿಡುತ್ತವೆ. ಯೂರಿಯಾ ಉಂಡ ಹೊಲವೂ ಸ್ವಲ್ಪ ಬಿಡುತ್ತದೆ, ನೀರು ಹಾಯಿಸಿದ ಮೇಲೆ ಹೆಚ್ಚು. ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಕೃಷ್ಣೆಯ ದಡದ ಶಕ್ತಿನಗರದಲ್ಲಿ, ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಎತ್ತರದ ಚಿಮಣಿಗಳಿವೆ. ರಾಜ್ಯದ ಮೊದಲ ಕಲ್ಲಿದ್ದಲು ವಿದ್ಯುತ್ ಕೇಂದ್ರ ಅದು. 1985ರಲ್ಲಿ ಮೊದಲ ಘಟಕ ಶುರುವಾಗಿ, ಈಗ ಎಂಟು ಘಟಕ, 1,720 ಮೆಗಾವಾಟ್. ಯರಮರಸ್‌ನಲ್ಲಿ ಇನ್ನೂ 1,600 ಮೆಗಾವಾಟ್. ಕಲ್ಲಿದ್ದಲು ಉರಿಯುವಾಗ ಅದರೊಳಗಿನ ಸಾರಜನಕವೂ ಗಾಳಿಯ ಸಾರಜನಕವೂ ಆಕ್ಸೈಡಾಗಿ ಚಿಮಣಿಯಿಂದ ಹೊರಡುತ್ತವೆ. ಚಳಿಗಾಲದಲ್ಲಿ ಈ ಸೀಮೆಗೆ ಗಾಳಿ ಮೂಡಣದಿಂದ ಬೀಸುತ್ತದೆ, ಆಗ ಆ ಹೊಗೆಯ ದಾರಿ ದೇವದುರ್ಗದ ಕಡೆಗೆ. ಬೇಸಿಗೆ ಬಲಿತಂತೆ ಗಾಳಿ ತಿರುಗಿ ಪಡುವಣದಿಂದ ಬೀಸತೊಡಗುತ್ತದೆ, ಆಗ ಅದು ತೆಲಂಗಾಣದ ಹಳ್ಳಿಗಳ ಪಾಲು.

ಹೊಲದ ಬದುವಿನಲ್ಲಿ ಈಗ ಇನ್ನೊಂದು ಹೊಗೆ ಏಳುತ್ತಿದೆ. ನಿನ್ನೆ ಕಿತ್ತು ಹಾಕಿದ ಹತ್ತಿ ಕಟಗಿಯ ರಾಶಿಗೆ ಯಾರೋ ಬೆಂಕಿ ಕೊಟ್ಟಿದ್ದಾರೆ. ಆಚೆ ಮಾನ್ವಿಯ ಕಡೆ ಭತ್ತ ಕೊಯ್ದ ಗದ್ದೆಗಳಲ್ಲೂ ಹೀಗೇ ಕೂಳೆ ಸುಡುತ್ತಾರೆ. ಇಂಥ ಬೆಂಕಿಯಿಂದ ಇಂಗಾಲದ ಮೊನಾಕ್ಸೈಡ್ ಬರುತ್ತದೆ, ಹಗುರವಾದ ಸಾವಯವ ಆವಿಗಳು ಬರುತ್ತವೆ. ಡೀಸೆಲ್ಲು, ಪೆಟ್ರೋಲು, ಬಣ್ಣದ ತಿನ್ನರ್‌ನಿಂದಲೂ ಅವು ಏಳುತ್ತವೆ.

ಸಾಮಾನು ಎಲ್ಲ ಕೂಡಿತು. ಇನ್ನು ಬಿಸಿಲಿನ ಕೆಲಸ. ಸೂರ್ಯನ ಕಿರಣ ಸಾರಜನಕದ ಡೈಆಕ್ಸೈಡಿನಿಂದ ಒಂದು ಆಮ್ಲಜನಕದ ಪರಮಾಣುವನ್ನು ಕಿತ್ತುಹಾಕುತ್ತದೆ. ಒಂಟಿಯಾದ ಆ ಪರಮಾಣು ಸುತ್ತಲಿನ ಆಮ್ಲಜನಕಕ್ಕೆ ಅಂಟಿ ಓಝೋನ್ ಆಗುತ್ತದೆ. ಬೇರೇನೂ ಇಲ್ಲದಿದ್ದರೆ ಉಳಿದ ನೈಟ್ರಿಕ್ ಆಕ್ಸೈಡ್ ಆ ಓಝೋನನ್ನು ತಿಂದು ಲೆಕ್ಕ ಸರಿಮಾಡಿಬಿಡುತ್ತಿತ್ತು. ಸಾವಯವ ಆವಿಗಳು ನಡುವೆ ಬಂದು ಆ ಲೆಕ್ಕ ಕೆಡಿಸುತ್ತವೆ, ಓಝೋನ್ ಉಳಿಯುತ್ತ ಹೋಗುತ್ತದೆ. ಆದ್ದರಿಂದಲೇ ವಾಹನಗಳು ಕಿಕ್ಕಿರಿದ ನಗರದ ವೃತ್ತದಲ್ಲಿ ಓಝೋನ್ ಎಷ್ಟೋ ಸಲ ಕಡಿಮೆ ಇದ್ದು, ಗಾಳಿ ಹರಿದುಹೋಗುವ ದಿಕ್ಕಿನ ಹಳ್ಳಿಯ ಬಯಲಲ್ಲಿ ಹೆಚ್ಚಿರುತ್ತದೆ. ಅಳೆಯುವ ಯಂತ್ರಗಳನ್ನು ನಾವು ನೆಟ್ಟಿರುವುದು ನಗರಗಳಲ್ಲಿ. ಓಝೋನಿನ ಮಟ್ಟಿಗೆ ಇದು ದೊಡ್ಡ ಕೊರತೆ ಎಂದೇ ನನ್ನ ಭಾವನೆ. ಹೊಲದಲ್ಲಿ ದುಡಿಯುವವಳ ಮೂಗಿನ ಎದುರಿನ ಗಾಳಿ ಯಾರ ಲೆಕ್ಕದಲ್ಲೂ ಇಲ್ಲ.

ಕ್ಯಾಲಿಫೋರ್ನಿಯದಲ್ಲಿ ಆರಿ ಹಾಗನ್-ಸ್ಮಿಟ್ ಎಂಬ ವಿಜ್ಞಾನಿ 1950ರ ಸುಮಾರಿಗೆ ಈ ಗುಟ್ಟನ್ನು ಬಿಡಿಸಿದರು. ಲಾಸ್ ಏಂಜಲೀಸ್ ಮೇಲೆ 1943ರಿಂದ ಕವಿಯುತ್ತಿದ್ದ ಕಣ್ಣುರಿಯ ಮುಸುಕಿಗೆ ವಾಹನಗಳ, ತೈಲ ಶುದ್ಧೀಕರಣ ಘಟಕಗಳ ಆವಿಯ ಮೇಲೆ ಬಿಸಿಲು ಬೀಳುವುದೇ ಕಾರಣ ಎಂದು ತೋರಿಸಿಕೊಟ್ಟರು. ಅಳೆಯಲು ಅವರು ಬಳಸಿದ್ದು ಬಾಗಿಸಿ ಹಿಡಿದ ರಬ್ಬರ್ ಪಟ್ಟಿ. ಓಝೋನ್ ತಗಲಿದರೆ ಎಳೆತದಲ್ಲಿರುವ ರಬ್ಬರ್ ಸೀಳುತ್ತದೆ. ಎಷ್ಟು ಬೇಗ ಸೀಳಿತು ಎಂಬುದರ ಮೇಲೆ ಓಝೋನ್ ಎಷ್ಟಿದೆ ಎಂದು ಹೇಳುತ್ತಿದ್ದರು.

ಹನ್ನೆರಡೂವರೆಗೆ ಹೊಲಕ್ಕೆ ಮರಳಿ ಬನ್ನಿ. ಆಕಾಶ ನಿಚ್ಚಳ. ಬೆಂಕಿಯ ಹೊಗೆ ಆಚೆ ಬದುವಿನ ಕಡೆಗೆ ಹೋಗುತ್ತಿದೆ, ಇಲ್ಲಿ ಗಾಳಿ ಸ್ವಚ್ಛವಾಗಿಯೇ ಕಾಣುತ್ತದೆ. ಹೆಂಗಸರ ಸಾಲು ಹೊಲದ ಮುಕ್ಕಾಲು ದಾಟಿದೆ. ಕೂಲಿ ಗುತ್ತಿಗೆಯ ಲೆಕ್ಕದಲ್ಲಿ ಮಾತಾಗಿದೆ, ಎಕರೆಗೆ ಇಷ್ಟು ಎಂದು. ಮುಗಿಸಿದರೆ ಹಣ. ಯಾರೂ ನಿಲ್ಲುವುದಿಲ್ಲ.

ಸಾಲಿನ ಕೊನೆಯಲ್ಲಿರುವ ಹುಡುಗಿಯನ್ನು ಗಮನಿಸಿ. ಬೆಳಿಗ್ಗೆ ಹಾಡು ಗುನುಗುತ್ತಿದ್ದವಳು ಈಗ ಬಾಯಿ ತೆರೆದು ಉಸಿರಾಡುತ್ತಿದ್ದಾಳೆ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುತ್ತಾನೆ. ಹೀಗೆ ಮೈಮುರಿದು ಜಗ್ಗುವವರು ಮೂವತ್ತು, ನಲವತ್ತು ಲೀಟರ್ ಎಳೆಯುತ್ತಾರೆ. ಅದೂ ಬಾಯಿಯಿಂದ. ಮೂಗಿನ ತೇವದ ಗೋಡೆಗಳು ಒಂದಷ್ಟು ಓಝೋನನ್ನು ತಡೆದಿಟ್ಟುಕೊಳ್ಳುತ್ತವೆ. ಬಾಯಿಯ ದಾರಿಯಲ್ಲಿ ಆ ಕಾವಲು ಸಡಿಲ. ಒಂದೇ ಬಯಲು, ಒಂದೇ ಗಾಳಿ. ಬೇವಿನ ನೆರಳಲ್ಲಿ ಕೂತು ಬೀಡಿ ಹಚ್ಚಿದ ಒಡೆಯನ ಎದೆಗೆ ಹೋಗುವ ಓಝೋನಿಗಿಂತ ನಾಲ್ಕೈದು ಪಟ್ಟು ಹೆಚ್ಚು ಈ ಹುಡುಗಿಯ ಎದೆಗೆ ಇಳಿಯುತ್ತಿದೆ.

ಒಂದು ಉಸಿರಿನ ಜೊತೆ ಒಳಗೆ ಹೋಗೋಣ. ಅಮೋನಿಯದಂಥ ಅನಿಲವಾದರೆ ನೀರಲ್ಲಿ ಕರಗಿ ಗಂಟಲಲ್ಲೇ ನಿಂತುಬಿಡುತ್ತದೆ, ಉರಿ ಕೊಟ್ಟು ಎಚ್ಚರಿಸುತ್ತದೆ. ಓಝೋನ್ ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ. ಗಂಟಲು ದಾಟಿ, ಶ್ವಾಸನಾಳ ಕವಲೊಡೆಯುತ್ತ ಸಣ್ಣಗಾಗುವಲ್ಲಿಗೆ, ಗಾಳಿಗೂಡುಗಳ ಬಾಗಿಲವರೆಗೂ ಇಳಿಯುತ್ತದೆ. ಅಲ್ಲಿ ಶ್ವಾಸನಾಳದ ಒಳಮೈಯನ್ನು ತೆಳುವಾದ ದ್ರವವೊಂದು ಹೊದ್ದುಕೊಂಡಿದೆ. ಅದರಲ್ಲಿ ಸಿ ಜೀವಸತ್ವ, ಯೂರಿಕ್ ಆಮ್ಲ, ಗ್ಲುಟಾಥಿಯೋನ್ ಇವೆ. ಓಝೋನಿನ ಮೊದಲ ಪೆಟ್ಟನ್ನು ತಾಳಿಕೊಳ್ಳುವವು ಅವೇ. ಅವು ಖರ್ಚಾಗುತ್ತ ಬಂದಂತೆ ಪೆಟ್ಟು ಜೀವಕೋಶದ ಪೊರೆಯ ಕೊಬ್ಬಿಗೆ ಬೀಳುತ್ತದೆ. ಕೊಬ್ಬು ಸುಟ್ಟು ಒಡೆದ ಚೂರುಗಳು ಆಸುಪಾಸಿನ ನರದ ತುದಿಗಳನ್ನು ಚುಚ್ಚುತ್ತವೆ.

ಆ ನರಗಳ ಪರಿಚಯ ಇಲ್ಲಿಯವರೆಲ್ಲರಿಗೂ ಇದೆ. ಒಲೆಯ ಮೇಲೆ ಒಣಮೆಣಸಿನಕಾಯಿ ಹುರಿದಾಗ ಮನೆಮಂದಿಯನ್ನೆಲ್ಲ ಕೆಮ್ಮಿಸಿ ಹೊರಗಟ್ಟುವುದು ಇದೇ ಜಾತಿಯ ನರಗಳು. ಮೆಣಸಿನಕಾಯಿಯ ಘಾಟು ಮೂಗಿಗೂ ಕಣ್ಣಿಗೂ ಹೇಳಿ ಬರುತ್ತದೆ, ನೀವು ಎದ್ದು ಓಡುತ್ತೀರಿ. ಓಝೋನ್ ಅದೇ ಕೆಲಸವನ್ನು ಎದೆಯ ಆಳದಲ್ಲಿ, ತಾಸುಗಟ್ಟಲೆ, ಏನೂ ಹೇಳದೆ ಮಾಡುತ್ತದೆ. ಆಗ ಮೈ ತನಗೆ ಗೊತ್ತಿಲ್ಲದೆಯೇ ಒಂದು ಹೂಟ ಹೂಡುತ್ತದೆ: ಉಸಿರನ್ನು ಪೂರ್ತಿ ಎಳೆಯಲು ಬಿಡುವುದಿಲ್ಲ. ಅರ್ಧಕ್ಕೇ ತಡೆಯುತ್ತದೆ. ಹುಡುಗಿ ಗಿಡ ಬಿಟ್ಟು ನೆಟ್ಟಗೆ ನಿಂತು, ಎದೆಯ ನಡುವೆ ಕೈಯಿಟ್ಟುಕೊಂಡು, ಪಕ್ಕದವಳಿಗೆ ಹೇಳುತ್ತಾಳೆ: "ಯವ್ವಾ, ಉಸುರು ತುಂಬ ಎಳಕೊಳ್ಳಾಕ ಬರವಲ್ದು. ಎಳದ್ರ ಇಲ್ಲಿ ಚುಚ್ಚಿದಂಗ ಆಗತೈತಿ." ಒಂದು ಒಣಕೆಮ್ಮು. ಪಕ್ಕದವಳು ತಂಬಿಗೆ ನೀರು ಕೊಡುತ್ತಾಳೆ. "ಬಿಸಲು ಬಡದೈತಿ, ಕುಂದ್ರು ಜರಾ."

ಬಿಸಿಲು ಬಡಿದಿರುವುದೂ ಸುಳ್ಳಲ್ಲ. ಆದರೆ ಬಿಸಿಲಿನ ಬಡಿತಕ್ಕೆ ತಲೆ ತಿರುಗುತ್ತದೆ, ಸ್ನಾಯು ಹಿಡಿಯುತ್ತದೆ, ವಾಂತಿ ಬಂದಂತಾಗುತ್ತದೆ. ಆಳವಾಗಿ ಉಸಿರೆಳೆದಾಗ ಎದೆಮೂಳೆಯ ಹಿಂದೆ ನೋವು, ಗಂಟಲ ಕೆರೆತ, ತಡೆಯಲಾಗದ ಒಣಕೆಮ್ಮು, ಉಸಿರು ಅರ್ಧಕ್ಕೆ ನಿಲ್ಲುವುದು ಇವು ಬೇರೆಯ ಲಕ್ಷಣಗಳು. ಎರಡೂ ಒಂದೇ ಹೊತ್ತಿನಲ್ಲಿ ಒಂದೇ ಮೈಗೆ ಬಂದಾಗ ಹೆಸರು ಸಿಗುವುದು ಬಿಸಿಲಿಗೆ ಮಾತ್ರ.

ಈ ಹುಡುಗಿಗೆ ಆಗುತ್ತಿರುವುದನ್ನು ಅಮೆರಿಕದಲ್ಲಿ ಕೋಣೆಯೊಳಗೆ ಮಾಡಿ ನೋಡಿದ್ದಾರೆ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ, ಹೊರಗೆ ದುಡಿಯುವವನ ಒಂದು ದಿನವನ್ನೇ ನಕಲು ಮಾಡಿದರು: ಆರೋಗ್ಯವಂತ ಯುವಕರು, 6.6 ತಾಸು, ಪ್ರತಿ ತಾಸಿನಲ್ಲಿ 50 ನಿಮಿಷ ಮೈದಣಿಸಿ 10 ನಿಮಿಷ ವಿರಾಮ, ನಡುವೆ ಊಟದ ಬಿಡುವು. ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಕೇವಲ 0.08 ಭಾಗ ಓಝೋನ್. ದಿನದ ಕೊನೆಗೆ, ಒಂದು ಸೆಕೆಂಡಿನಲ್ಲಿ ಊದಿ ಹೊರಹಾಕಬಲ್ಲ ಗಾಳಿ ಸರಾಸರಿ ಶೇ 7ರಷ್ಟು ಇಳಿದಿತ್ತು. ಓಝೋನ್ 0.12 ಇದ್ದಾಗ ಇಳಿತ ಶೇ 12 ದಾಟಿತು. ಇದು ಸರಾಸರಿ. ಕೆಲವರಿಗೆ ಏನೂ ಆಗಲಿಲ್ಲ, ಕೆಲವರಿಗೆ ಇದರ ಎಷ್ಟೋ ಪಟ್ಟು ಆಯಿತು. ಯಾರ ಎದೆ ತಾಳುತ್ತದೆ, ಯಾರದು ತಾಳುವುದಿಲ್ಲ ಎಂದು ಮುಖ ನೋಡಿ ಹೇಳಲಾಗದು.

ಹೊಲದ್ದೇ ಸಾಕ್ಷಿ ಬೇಕೆಂದರೆ ಅದೂ ಇದೆ. ಕೆನಡಾದ ಫ್ರೇಸರ್ ಕಣಿವೆಯಲ್ಲಿ 1993ರ ಬೇಸಿಗೆಯಲ್ಲಿ ಹಣ್ಣು ಬಿಡಿಸುವ 58 ಕೂಲಿಕಾರರ ಉಸಿರನ್ನು ದಿನವೂ ಅಳೆದರು. ಹತ್ತು ವರ್ಷದ ಮಕ್ಕಳಿಂದ ಅರವತ್ತು ದಾಟಿದವರವರೆಗೆ ಎಲ್ಲರೂ ಆ ಗುಂಪಿನಲ್ಲಿದ್ದರು. ಅಲ್ಲಿ ಓಝೋನ್ ಅಷ್ಟೇನೂ ಹೆಚ್ಚಿರಲಿಲ್ಲ. ಆದರೂ ಅದು ಏರಿದ ದಿನ ಉಸಿರು ಇಳಿಯುತ್ತಿತ್ತು, ಮರುದಿನ ಬೆಳಿಗ್ಗೆಯೂ ಪೂರ್ತಿ ಮರಳುತ್ತಿರಲಿಲ್ಲ.

ನಮ್ಮ ದೇಶದ ಮಿತಿ 2009ರಲ್ಲಿ ಗೊತ್ತಾಗಿದೆ: ಎಂಟು ತಾಸಿನ ಸರಾಸರಿ ಘನ ಮೀಟರಿಗೆ 100 ಮೈಕ್ರೊಗ್ರಾಂ, ಒಂದು ತಾಸಿಗೆ 180. ಅಮೆರಿಕದ ಆ ಕೋಣೆಯ 0.08 ಎಂದರೆ ಸುಮಾರು 160. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇನ್ನೊಂದು ಅಳತೆಯನ್ನೂ ಸೇರಿಸಿತು: ಓಝೋನ್ ಏರುವ ಋತುವಿನ ಉದ್ದಕ್ಕೂ ದಿನದ ಗರಿಷ್ಠ ಎಂಟು ತಾಸಿನ ಸರಾಸರಿ 60 ದಾಟಬಾರದು. ಒಂದು ಕೆಟ್ಟ ದಿನಕ್ಕಿಂತ ತಿಂಗಳುಗಟ್ಟಲೆ ನಡೆಯುವ ಸಣ್ಣ ಪೆಟ್ಟನ್ನು ಅಳೆಯುವ ಈ ಲೆಕ್ಕವೇ ಹೊಲದವರಿಗೆ ಹೆಚ್ಚು ಹೊಂದುವುದು.

ಮೂರು ಗಂಟೆ. ಓಝೋನ್ ತನ್ನ ತುದಿಯಲ್ಲಿರುವ ಹೊತ್ತು. ಬಾಯಿಗೆ ಕಟ್ಟಿಕೊಂಡ ಸೆರಗು, ಗಂಡಸರ ಟವೆಲ್ಲು ದೂಳನ್ನು ತಡೆಯುತ್ತವೆ, ಓಝೋನನ್ನು ತಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಕಾಣುವ ಎನ್-95 ಕೂಡ ಕಣಗಳಿಗೆ ಮಾತ್ರ. ಎಕರೆ ಮುಗಿಯುತ್ತದೆ. ಹುಡುಗಿ ಮತ್ತೆ ಎದ್ದು ಸಾಲಿಗೆ ಸೇರಿದ್ದಾಳೆ, ಸೇರದಿದ್ದರೆ ಅವಳ ಪಾಲಿನ ಕೂಲಿ ಇಲ್ಲ. ನಾಲ್ಕೈದು ದಿನ ಹೀಗೇ ಬಂದರೆ ಎದೆಯ ಚುಚ್ಚು ಕಡಿಮೆಯಾಗುತ್ತದೆ, "ರೂಢಿ ಆತು" ಎನ್ನುತ್ತಾಳೆ. ರೂಢಿಯಾದದ್ದು ನರಕ್ಕೆ. ಒಳಗಿನ ಉರಿಯೂತ ನಿಂತಿರುವುದಿಲ್ಲ. ಪೆಟ್ಟು ಬಿದ್ದ ಕೆಲವೇ ತಾಸುಗಳಲ್ಲಿ ರಕ್ತದ ಬಿಳಿಕಣಗಳು ಶ್ವಾಸನಾಳದ ಗೋಡೆಗೆ ಬಂದು ಸೇರುತ್ತವೆ, ಗೋಡೆ ಸಡಿಲವಾಗಿ ಸೋರತೊಡಗುತ್ತದೆ. ಹಾಗೆ ಕೆರಳಿದ ಎದೆ ದೂಳಿಗೆ, ಕಾಂಗ್ರೆಸ್ ಕಸದ ಪರಾಗಕ್ಕೆ, ಮೆಣಸಿನಪುಡಿಗೆ ಮೊದಲಿಗಿಂತ ಬೇಗ ಮುನಿಯುತ್ತದೆ.

ಈ ಬಿಸಿಲಲ್ಲಿ ಗಿಡಗಳೂ ಓಝೋನ್ ಉಣ್ಣುತ್ತವೆ. ಎಲೆಯ ರಂಧ್ರದಿಂದ ಒಳಹೋಗಿ ಹಸಿರನ್ನು ಸುಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2005ರ ಒಂದೇ ವರ್ಷ ದೇಶಕ್ಕೆ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ ಹೀಗೆ ನಷ್ಟವಾಯಿತು. ಹತ್ತಿಯಲ್ಲಿ ಶೇ 5ರಷ್ಟು. ಒಡೆಯನಿಗೂ ಇದರಲ್ಲಿ ಪಾಲಿದೆ ಎಂದು ತಿಳಿಯಲಿ ಎಂದು ಇಷ್ಟು ಹೇಳಿದೆ.

ಊರಿಗೆ ಬನ್ನಿ. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಬೆಸುಗೆ ನಡೆದಿದೆ. ಕಣ್ಣು ಕುಕ್ಕುವ ಆ ನೀಲಿ ಬೆಳಕಿನ ನೇರಳಾತೀತ ಕಿರಣಗಳೂ ಗಾಳಿಯನ್ನು ಓಝೋನ್ ಮಾಡುತ್ತವೆ, ಅಲ್ಯೂಮಿನಿಯಂ ಬೆಸೆಯುವಾಗ ಹೆಚ್ಚು. ಕಾರ್ಖಾನೆ ಕಾಯ್ದೆಯಲ್ಲಿ ಕೆಲಸದ ಜಾಗಕ್ಕೆ ಎಂಟು ತಾಸಿನ ಮಿತಿ ಹತ್ತು ಲಕ್ಷಕ್ಕೆ 0.1 ಭಾಗ ಎಂದಿತ್ತು. ಬೆಸುಗೆಯವನು ಬಾಗಿಲ ಹೊರಗೆ, ಗಾಳಿಗೆ ಬೆನ್ನು ಮಾಡಿ ಕೂತಿದ್ದಾನೆ. ಹಾಗೇ ಕೂರಲಿ.

ಆರೋಗ್ಯ ಕೇಂದ್ರಕ್ಕೆ ಮರುದಿನ ಬೆಳಿಗ್ಗೆ ಬರುವುದು ಒಳ್ಳೆಯದು. ಓಝೋನಿನ ಕೆಟ್ಟ ಫಲ ಅನೇಕ ಸಲ ಮರುದಿನ ಕಾಣುತ್ತದೆ. ಬೆಂಚಿನ ಮೇಲೆ ಕೂತ ಮುದುಕಿಯೊಬ್ಬಳ ಹೆಗಲು ಪ್ರತಿ ಉಸಿರಿಗೂ ಮೇಲೇಳುತ್ತಿದೆ. ಜೀವಮಾನವೆಲ್ಲ ಹತ್ತಿ ಕಟಗಿಯ ಒಲೆ ಊದಿದವಳು, ನಿನ್ನೆ ಮಧ್ಯಾಹ್ನ ಕಣದಲ್ಲಿ ಕೂತು ಮೆಣಸಿನಕಾಯಿ ಆರಿಸಿದ್ದಾಳೆ. "ದಮ್ಮು ಹೆಚ್ಚಾಗೈತ್ರೀ ಸಾಹೇಬ್ರ. ಒಂದು ಸೂಜಿ ಹಾಕ್ರಿ." ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ. ಒಲೆಯ ಹೊಗೆ, ಮೆಣಸಿನ ದೂಳು, ಬಿಸಿಲು, ಓಝೋನ್: ಇದರಲ್ಲಿ ಯಾವುದು ಎಷ್ಟು ಎಂದು ಒಬ್ಬ ರೋಗಿಯ ಎದೆ ಕೇಳಿ ಹೇಳಲಾಗುವುದಿಲ್ಲ. ಲಕ್ಷಾಂತರ ಜನರ ಲೆಕ್ಕ ಒಟ್ಟಿಗೆ ಇಟ್ಟಾಗ ಅದು ಗೋಚರಿಸುತ್ತದೆ. ಮೈಕೇಲ್ ಜೆರೆಟ್ ಮತ್ತು ಸಂಗಡಿಗರು ಸುಮಾರು 4.5 ಲಕ್ಷ ಅಮೆರಿಕನ್ನರನ್ನು 18 ವರ್ಷ ಹಿಂಬಾಲಿಸಿ 2009ರಲ್ಲಿ ಹೇಳಿದರು: ಓಝೋನ್ ನೂರು ಕೋಟಿಗೆ ಹತ್ತು ಭಾಗ ಹೆಚ್ಚಿದರೆ ಉಸಿರಾಟದ ಕಾಯಿಲೆಯಿಂದ ಸಾಯುವ ಅಪಾಯ ಶೇ 4ರಷ್ಟು ಏರುತ್ತದೆ. ಜಗತ್ತಿನಲ್ಲಿ 2021ರಲ್ಲಿ ಓಝೋನಿನಿಂದಾದ ಸಾವುಗಳು 4.9 ಲಕ್ಷದಷ್ಟು ಎಂದು ಸ್ಟೇಟ್ ಆಫ್ ಗ್ಲೋಬಲ್ ಏರ್ ವರದಿಯ ಅಂದಾಜು. ಅದರಲ್ಲಿ ಅರ್ಧದ ಹತ್ತಿರ, 2.37 ಲಕ್ಷ, ಭಾರತದ್ದು. ಎಲ್ಲವೂ ಈ ಮುದುಕಿಯದ್ದೇ ಕಾಯಿಲೆ, ಶ್ವಾಸನಾಳ ಶಾಶ್ವತವಾಗಿ ಕಟ್ಟಿಕೊಳ್ಳುವ ಸಿಒಪಿಡಿ.

ವೈದ್ಯರು ಸೂಜಿಯ ಬದಲು ಇನ್‌ಹೇಲರ್ ಕೈಗಿಡುತ್ತಾರೆ. ಮುದುಕಿಯ ಮಗ ಹಿಂದೆ ಸರಿಯುತ್ತಾನೆ: "ಪಂಪು ಬ್ಯಾಡ್ರೀ, ಒಮ್ಮೆ ಹಚ್ಚಿದ್ರ ಬಿಡಾಕ ಬರಂಗಿಲ್ಲಂತ." ಈ ಮಾತು ಪ್ರತಿ ಊರಿನಲ್ಲೂ ಕೇಳಿಬರುತ್ತದೆ, ಎಷ್ಟೋ ಜೀವಗಳನ್ನು ಕಾಡಿದ ಮಾತು. ಇನ್‌ಹೇಲರಿನ ಮದ್ದು ಗುಳಿಗೆಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ನೇರ ಎದೆಗೇ ಹೋಗುತ್ತದೆ. ಅದು ಚಟವಾಗುವುದಿಲ್ಲ. ವೈದ್ಯರು ಹೀರುವುದನ್ನು ಅವಳ ಕೈಯಲ್ಲೇ ಮಾಡಿಸಿ ತೋರಿಸಿ, ಚೀಟಿಯ ಮೇಲೆ ಇನ್ನೊಂದು ಸಾಲು ಬರೆಯುತ್ತಾರೆ: ಹನ್ನೊಂದರಿಂದ ಐದರವರೆಗೆ ಮನೆಯೊಳಗೇ ಇರಬೇಕು.

ಆ ಸಾಲು ಬಿಸಿಲಿಗಾಗಿ ಬರೆದದ್ದಾದರೂ ಓಝೋನಿಗೂ ಸರಿಹೋಗುತ್ತದೆ. ಹೊರಗಿನ ಓಝೋನಿನಲ್ಲಿ ಮನೆಯೊಳಗೆ ಬರುವುದು ಒಂದು ಪಾಲು ಮಾತ್ರ. ಬಾಗಿಲು ಮುಂದೆ ಮಾಡಿದರೆ ಇನ್ನೂ ಕಡಿಮೆ. ಮುದುಕಿಯ ಮನೆ ಹಳೆಯ ಮಣ್ಣಿನ ಮಾಳಿಗೆ, ಗೋಡೆ ಮೊಳ ದಪ್ಪ. ಜೇಡಿಮಣ್ಣು ಮೆತ್ತಿದ ಗೋಡೆ ಓಝೋನನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂದು ಪ್ರಯೋಗಾಲಯಗಳು ಈಗ ಕಂಡುಕೊಂಡಿವೆ. ಪಕ್ಕದಲ್ಲಿ ಮಗ ಹೊಸದಾಗಿ ಕಟ್ಟಿಸಿದ ತಗಡಿನ ಕೋಣೆಯಿದೆ. ಮಧ್ಯಾಹ್ನಕ್ಕೆ ಅವಳು ಮಾಳಿಗೆಯಲ್ಲೇ ಮಲಗಲಿ.

ಮುದುಕಿಗೆ ಮನೆಯೊಳಗಿರು ಎನ್ನಬಹುದು. ದುಡಿಯುವವಳಿಗೆ? ಉದ್ಯೋಗ ಖಾತ್ರಿ ಕೆಲಸದಲ್ಲಾದರೆ ನೆರಳು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಇರಲೇಬೇಕೆಂಬ ನಿಯಮ ಇತ್ತು, ಈ ಭಾಗಕ್ಕೆ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿಯೂ ಇತ್ತು. ಖಾಸಗಿ ಹೊಲಕ್ಕೆ ಅಂಥ ನಿಯಮ ಇಲ್ಲ. ಗುಮಾಸ್ತನ ಗಡಿಯಾರವನ್ನು ತಿರುಗಿಸಿದ ನಾಡಿನಲ್ಲಿ ಕೂಲಿಯವಳ ಗಡಿಯಾರವೂ ತಿರುಗಬೇಕು ಎಂಬುದೇ ನಾನು ಇಷ್ಟು ದೂರ ನಿಮ್ಮನ್ನು ಕರೆತಂದು ತೋರಿಸಬೇಕೆಂದಿದ್ದ ಸಂಗತಿ. ಓಝೋನ್ ಸೂರ್ಯನ ವೇಳಾಪಟ್ಟಿ ಮೀರುವುದಿಲ್ಲ. ಬೆಳಿಗ್ಗೆ ಐದೂವರೆಗೆ ಕೈಹಚ್ಚಿ ಹನ್ನೊಂದಕ್ಕೆ ಹೊಲ ಬಿಟ್ಟರೆ ಅದರ ದೊಡ್ಡ ಪಾಲು ತಪ್ಪಿಹೋಗುತ್ತದೆ. ಸಂಜೆ ನಾಲ್ಕರ ನಂತರವೂ ಗಾಳಿಯಲ್ಲಿ ಅದು ಇರುತ್ತದೆ, ಹೊತ್ತು ಮುಳುಗುವಾಗ ಇಳಿಯುತ್ತದೆ. ಹಾಗಾಗಿ ಸಂಜೆಯ ಪಾಳಿಗಿಂತ ಎರಡು ಮುಂಜಾವು ಲೇಸು. ಜೊತೆಗೆ ಕಟಗಿಯ ರಾಶಿಗೆ ಬೆಂಕಿ ಕೊಡುವುದು ನಿಲ್ಲಬೇಕು. ತಾಲ್ಲೂಕಿಗೊಂದಾದರೂ ಅಳೆಯುವ ಯಂತ್ರ ಹಳ್ಳಿಯ ಬಯಲಲ್ಲಿ ನಿಲ್ಲಬೇಕು. ಚಿಮಣಿಗಳಿಗೆ ಸಾರಜನಕದ ಆಕ್ಸೈಡಿನ ಮಿತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಗೊತ್ತುಮಾಡಿದೆ, ಅದು ಜಾರಿಯಾಗಬೇಕು.

ಅದೇ ಸಂಜೆ, ಚಹಾದಂಗಡಿ. ಗುಂಪು ಕಟ್ಟುವ ಹೆಣ್ಣುಮಗಳು, ನಾಳೆಯ ಹೊಲದ ಗೌಡರು, ಟಂಟಂನ ಹುಡುಗ ಮೂವರೂ ನಿಂತೇ ಮಾತಾಡುತ್ತಿದ್ದಾರೆ.

"ನಾಳಿ ಐದಕ್ಕ ಬರ್ತೀವ್ರಿ. ಹನ್ನೊಂದಕ್ಕ ಬಿಡ್ತೀವಿ. ಉಳದದ್ದು ನಾಡದು ಮುಂಜಾನಿ."

"ಒಂದ ದಿನದ ಕೆಲಸ ಎರಡ ದಿನ ಮಾಡ್ತೀರೇನು? ಟ್ರ್ಯಾಕ್ಟರ್ ನಾಡದು ಬರಾಕ ಹೇಳೀನಿ."

"ನಿನ್ನಿ ಆ ಹುಡುಗಿ ಎದಿ ಹಿಡಕೊಂಡು ಕುಂತಿದ್ದು ನೋಡೀರಿಲ್ರೀ ಗೌಡ್ರ? ಟ್ರ್ಯಾಕ್ಟರ್ ಆಚೆ ನಾಡದು ಹೇಳ್ರಿ. ಕೂಲಿ ಹೆಚ್ಚಿಗಿ ಕೇಳಾಂಗಿಲ್ಲ, ಎಕರೆ ಲೆಕ್ಕ ಅದ."

ಟಂಟಂ ಹುಡುಗ ನಡುವೆ ಬಾಯಿ ಹಾಕುತ್ತಾನೆ: "ಎರಡ ದಿನ ಗಾಡಿ ಬಂದ್ರ ಎರಡ ಬಾಡಗಿ ಆಗತೈತ್ರೀ ಯಣ್ಣಾರ. ಅದನ ಮೊದಲ ಮಾತಾಡ್ರಿ."

ಗೌಡರು ಸ್ವಲ್ಪ ಹೊತ್ತು ಲೆಕ್ಕ ಹಾಕುತ್ತಾರೆ. "ಎರಡನೇ ದಿನದ್ದು ಅರ್ಧ ನಾ ಕೊಡ್ತೀನಿ."

"ಅರ್ಧ ಯಾಕ್ರೀ? ಹೊಲ ನಿಮ್ದು. ಪೂರ್ತಿ ಕೊಡ್ರಿ, ಐದಕ್ಕ ಅಂದ್ರ ಐದಕ್ಕ ಬಂದು ನಿಂದರ್ತೀವಿ."